ಮೋಲ್ಡ್ ಪೌಡರ್ ವಿಸ್ಕಾಸಿಟಿ ಲೆಕ್ಕ 14 ಪಟ್ಟು ಜಾಸ್ತಿ ಬರಾಕತ್ತೈತಿ, ಎಲ್ಲೆ ತಪ್ಪೀನಿ ಹೇಳ್ರಿ

ಗದಗ_ಜಂಕ್ಷನ್:

ನಮಸ್ಕಾರ್ರಿ ಎಲ್ಲಾರಿಗೂ. ನಾ ಗದಗಿನವ, ಧಾರವಾಡದಾಗ ಎಂಟೆಕ್ ಮಾಡಾಕತ್ತೀನಿ. ಪ್ರಾಜೆಕ್ಟ್ ಸಲುವಾಗಿ ಒಂದು ಸ್ಟೀಲ್ ಪ್ಲಾಂಟಿನ ಸ್ಲ್ಯಾಬ್ ಕ್ಯಾಸ್ಟರ್ (ಕರಗಿದ ಸ್ಟೀಲನ್ನ ನಿಲ್ಲಸದ ಎರದು ದಪ್ಪ ಹಲಗಿ ಮಾಡೂ ಮಷೀನ್) ಕಡೆ ಎರಡು ತಿಂಗಳು ಇದ್ದು ಬಂದೀನಿ. ಅಲ್ಲೆ ಮೋಲ್ಡ್‌ನ್ಯಾಗ ಕರಗಿದ ಸ್ಟೀಲಿನ ಮ್ಯಾಲ ಪೌಡರ್ ಹಾಕ್ತಾರಲ್ರಿ, ಅದು ಕರಗಿ ಸ್ಲ್ಯಾಗ್ ಆಗಿ ತಾಮ್ರದ ಮೋಲ್ಡಿಗೂ ಸ್ಟೀಲಿನ ತೊಗಲಿಗೂ ನಡುವ ಇಳಿದು ಎಣ್ಣಿ ಹಚ್ಚಿದಂಗ ಕೆಲಸ ಮಾಡತೈತಿ, ಆ ಸ್ಲ್ಯಾಗಿನ ವಿಸ್ಕಾಸಿಟಿ (ಪಿಯುಸಿ ಪುಸ್ತಕದಾಗ ಸ್ನಿಗ್ಧತೆ ಅಂತ ಬಾಯಿಪಾಠ ಮಾಡಿದ್ವಲ್ಲ, ಅದ) ಕೆಮಿಸ್ಟ್ರಿ ನೋಡಿ ಮೊದಲ ಲೆಕ್ಕ ಹಾಕಬೇಕು ಅನ್ನೂದು ನನ್ನ ವಿಷಯ.

ಪೌಡರಿನ ಟಿಸಿ (ಮಾರಾವ್ರು ಕೊಡೂ ಟೆಸ್ಟ್ ಸರ್ಟಿಫಿಕೇಟ್) ಹಿಂಗೈತಿ, ಎಲ್ಲಾ ತೂಕದ ಶೇಕಡಾ: ಸಿಲಿಕಾ 32, ಕ್ಯಾಲ್ಸಿಯಂ ಆಕ್ಸೈಡ್ 33, ಮ್ಯಾಗ್ನೇಷಿಯಾ 2, ಅಲ್ಯುಮಿನಾ 5, ಸೋಡಿಯಂ ಆಕ್ಸೈಡ್ 9, ಫ್ಲೋರಿನ್ 7, ಕಾರ್ಬನ್ 5, ಕಬ್ಬಿಣದ ಆಕ್ಸೈಡ್ 1, ಉಳಿದದ್ದು ಸುಟ್ಟಾಗ ಹಾರಿಹೋಗೂದು. 1300 ಡಿಗ್ರಿ ಸೆಲ್ಸಿಯಸ್‌ಗೆ ವಿಸ್ಕಾಸಿಟಿ 1.5 ಪಾಯ್ಸ್ ಅಂತ ಬರದಾರ. 10 ಪಾಯ್ಸ್ ಅಂದ್ರ 1 ಪಾಸ್ಕಲ್ ಸೆಕೆಂಡ್, ಅಂದ್ರ ಇದು 0.15.

ನಾ ಬಳಸಿದ್ದು ರಿಬೂ ಮಾಡೆಲ್, ಕೆಮಿಸ್ಟ್ರಿ ಮತ್ತ ಟೆಂಪರೇಚರ್ (ಟಿ) ಹಾಕಿದ್ರ ವಿಸ್ಕಾಸಿಟಿ ಕೊಡೂ ಫಾರ್ಮುಲಾ. ವಿಸ್ಕಾಸಿಟಿ = ಎ × ಟಿ × ಎಕ್ಸ್‌ಪೊನೆನ್ಷಿಯಲ್ ಆಫ್ ಬಿ ಭಾಗಿಸು ಟಿ. ಎ ತಗೆಯೂ ಸಾಲು −17.51 ಇಂದ ಶುರು ಆಗತೈತಿ, ಬಿ ತಗೆಯೂ ಸಾಲು 31140 ಇಂದ. ಎಲ್ಲಾ ಮೋಲ್ ಫ್ರ್ಯಾಕ್ಷನ್‌ಗೆ ತಂದೀನಿ (ತೂಕದ ಬದಲಿ ಅಣುಗಳ ಎಣಿಕಿಯ ಪಾಲು), ಟಿ ಕೆಲ್ವಿನ್‌ನ್ಯಾಗ 1573 ಹಾಕೀನಿ, ಎಕ್ಸೆಲ್ ಶೀಟ್ ಮೂರು ಸಲ ಮೊದಲಿಂದ ಮಾಡೀನಿ. ಉತ್ತರ 2.16 ಪಾಸ್ಕಲ್ ಸೆಕೆಂಡ್ ಬರತೈತಿ. ಟಿಸಿ 0.15, ನಂದು 2.16. ಗೈಡ್ ಮುಂದ ಇದನ್ನ ಹೆಂಗ ಇಡ್ಲಿ? ಮಾಡೆಲ್ಲ ಸರಿ ಇಲ್ಲೇನು, ಬ್ಯಾರೆ ಯಾವುದರ ತಗೋಬೇಕೇನು? ಅರ್ಬೇನ್, ಈಡಾ, ಮಿಲ್ಸ್ ಅಂತ ಹತ್ತು ಹೆಸರು ಸಿಗ್ತಾವ, ಯಾವುದನ್ನ ನಂಬೂದು ತಿಳಿವಲ್ದು.

——

ಬಿ_ಶಿಫ್ಟ್_ಕಾಕಾ:

ತಮ್ಮಾ, ಮಾಡೆಲ್ ಬದಲಿ ಮಾಡೂದಕ್ಕಿಂತ ಮೊದಲ ನಿನ್ನ ಉತ್ತರ ಏನು ಹೇಳಾಕತ್ತೈತಿ ನೋಡು. 2.16 ಪಾಸ್ಕಲ್ ಸೆಕೆಂಡ್ ಅಂದ್ರ 21 ಪಾಯ್ಸ್‌ಗಿಂತ ಜಾಸ್ತಿ. ಔಡಲ ಎಣ್ಣಿ ಸಾದಾ ಹವಾಕ್ಕ ಸುಮಾರು 10 ಪಾಯ್ಸ್ ಇರತೈತಿ. ಅದರ ಎರಡು ಪಟ್ಟು ಗಟ್ಟಿ ಇರೂ ಸ್ಲ್ಯಾಗ್ ಕೂದಲೆಳಿಯಷ್ಟು ಸಂದಿನ್ಯಾಗ ಹೆಂಗ ಇಳೀಬೇಕು? ಸ್ಲ್ಯಾಬ್ ಪೌಡರ್ ಅಂದ್ರ ಒಂದರಿಂದ ಮೂರು ಪಾಯ್ಸ್ ಆಸುಪಾಸು ಇರೂದು, ಶೇಂಗಾ ಎಣ್ಣಿಗಿಂತ ಸ್ವಲ್ಪ ಗಟ್ಟಿ ಅಂತ ತಿಳ್ಕೊ. ನಾ 26 ವರ್ಷ ಕ್ಯಾಸ್ಟರ್ ಮ್ಯಾಲ ನಿಂತಾಂವ, ಈಗ ಹುಬ್ಬಳ್ಳ್ಯಾಗ ಮನಿ ಹಿಡಕೊಂಡು ಕುಂತೀನಿ, ಕಂಪ್ಯೂಟರ್ ನನಗ ಅಷ್ಟಕ್ಕಷ್ಟ, ಆದ್ರ 21 ಪಾಯ್ಸ್ ಅಂತ ಯಾರರ ಹೇಳಿದ್ರ ಅಲ್ಲೇ ನಗು ಬರತೈತಿ.

ನಿನ್ನ ರೋಗ ಆ −17.51 ದಾಗ ಐತಿ. ರಿಬೂ ಫಾರ್ಮುಲಾ ಎರಡು ರೂಪದಾಗ ತಿರಗ್ಯಾಡತೈತಿ. −19.81 ಹಾಕಿದ್ರ ಉತ್ತರ ಪಾಸ್ಕಲ್ ಸೆಕೆಂಡಿನ್ಯಾಗ ಬರತೈತಿ, −17.51 ಹಾಕಿದ್ರ ಪಾಯ್ಸ್‌ನ್ಯಾಗ ಬರತೈತಿ. ಎರಡರ ನಡುವಿನ ಫರಕು 2.30, ಅದು ಹತ್ತರ ನ್ಯಾಚುರಲ್ ಲಾಗ್, ಮತ್ತೇನಲ್ಲ. ಕೆಲವು ಪೇಪರಿನಾಗ ಡೆಸಿಪಾಸ್ಕಲ್ ಸೆಕೆಂಡ್ ಅಂತ ಬರದಿರ್ತಾರ, ಅದೂ ಪಾಯ್ಸೇ, ಹೆಸರಷ್ಟ ಬ್ಯಾರೆ. ಒಂದು ಪೇಪರಿಂದ ಫಾರ್ಮುಲಾ, ಇನ್ನೊಂದರಿಂದ ಯೂನಿಟ್ ಎತ್ತಿಕೊಂಡಿ ಅಂದ್ರ ಹತ್ತು ಪಟ್ಟು ಹೋತು. ಎಷ್ಟೋ ಮಂದಿ ಇಲ್ಲೇ ಬಿದ್ದಾರ, ನಾಚಗೋಬ್ಯಾಡ. ಹಂಗಾಗಿ ನಿಂದು 2.16 ಪಾಯ್ಸ್.

ಇಷ್ಟಾದ್ರೂ ಟಿಸಿಯ 1.5 ಕ್ಕ ಕೂಡೂದಿಲ್ಲ, ಅದು ಬ್ಯಾರೆ ಲಫಡಾ. ಕೆಮಿಸ್ಟ್ರಿ ಬಲ್ಲವರು ಹೇಳ್ಲಿ.

——

ಸಾಧನಕೇರಿ_ಕೆಮಿಸ್ಟ್:

ಕಾಕಾ ಹೇಳಿದ್ದು ಬರೋಬ್ಬರಿ. ಉಳಿದ ಒಂದೂವರಿ ಪಟ್ಟಿನ ತಪ್ಪು ಫ್ಲೋರಿನ್‌ದು ಅಂತ ನನಗ ಗ್ಯಾರಂಟಿ ಐತಿ, ಯಾಕಂದ್ರ ನನ್ನ ಕಡೆ ಬರೂ ಹುಡುಗ್ರು ಹತ್ತರಾಗ ಎಂಟು ಮಂದಿ ಇದನ್ನ ಮಾಡ್ತಾರ.

ನೋಡು ತಮ್ಮಾ, ಎಕ್ಸ್-ರೇ ಬಿಟ್ಟು ಕೆಮಿಸ್ಟ್ರಿ ತಗಿಯೂ ಎಕ್ಸ್‌ಆರ್‌ಎಫ್ ಮಷೀನ್‌ಗೆ ಕ್ಯಾಲ್ಸಿಯಂ ಪರಮಾಣು ಕಾಣಸ್ತಾವ, ಅವು ಆಕ್ಸಿಜನ್ ಜೋಡಿ ಅದಾವೋ ಫ್ಲೋರಿನ್ ಜೋಡಿ ಅದಾವೋ ಅದಕ್ಕ ತಿಳಿಯೂದಿಲ್ಲ. ಎಲ್ಲಾ ಕ್ಯಾಲ್ಸಿಯಂ ಆಕ್ಸೈಡ್ ಅಂತನ ಬರದು ಕೊಡತೈತಿ. ಫ್ಲೋರಿನ್ ಬ್ಯಾರೆ ಸಾಲಿನಾಗ ಬರತೈತಿ. ರಿಬೂಗೆ ಬೇಕಾದದ್ದು ಕ್ಯಾಲ್ಸಿಯಂ ಫ್ಲೋರೈಡ್. ನೀ 7 ಅನ್ನೂದನ್ನ ಹಂಗ ಕ್ಯಾಲ್ಸಿಯಂ ಫ್ಲೋರೈಡ್ ಜಾಗಕ್ಕ ಹಾಕಿ, 33 ಅನ್ನೂದನ್ನ ಮುಟ್ಟದ ಬಿಟ್ಟಿ, ಹೌದಲ್ಲೋ? ಫ್ಲೋರಿನ್ ಶೇಕಡಾವನ್ನ 2.055 ಲೇ ಗುಣಿಸು, ಅದು ಕ್ಯಾಲ್ಸಿಯಂ ಫ್ಲೋರೈಡ್: 7 ಕ್ಕ 14.4. ಆಮ್ಯಾಲ ಅದರಾಗ ಸಿಕ್ಕೊಂಡ ಕ್ಯಾಲ್ಸಿಯಂ ಲೆಕ್ಕಕ್ಕ ಫ್ಲೋರಿನ್ ಅನ್ನ 1.476 ಲೇ ಗುಣಿಸಿ 33 ರಾಗ ಕಳಿ: 10.3 ಹೋದ್ರ ಉಳಿದದ್ದು 22.7. ಒಂದ ಕ್ಯಾಲ್ಸಿಯಂ ಅನ್ನ ಎರಡು ಸಲ ಎಣಿಸೂದು ನಿಂತತಿ, ಮತ್ತ ಫ್ಲೋರೈಡ್ ಎರಡು ಪಟ್ಟಾತು. ಫ್ಲೋರೈಡ್ ಸ್ಲ್ಯಾಗ್ ತಿಳಿ ಮಾಡೂದರಾಗ ಸುಣ್ಣಕ್ಕಿಂತ (ಕ್ಯಾಲ್ಸಿಯಂ ಆಕ್ಸೈಡ್) ಭಾಳ ಜೋರು.

ಕಾರ್ಬನ್ ಲೆಕ್ಕಕ್ಕ ತಗೋಬ್ಯಾಡ. ಅದು ಪೌಡರ್ ಎಷ್ಟು ಲಗೂನ ಕರಗಬೇಕು ಅನ್ನೂದನ್ನ ಹಿಡಿದಿಡಾಕ ಹಾಕಿದ್ದು, ಉರಿದು ಹೋಗತೈತಿ, ಕರಗಿದ ಸ್ಲ್ಯಾಗಿನ್ಯಾಗ ಇರೂದಿಲ್ಲ. ಕಾರ್ಬೊನೇಟಿನ ಗ್ಯಾಸೂ ಹಂಗ. ಉಳಿದ ಆಕ್ಸೈಡ್, ಫ್ಲೋರೈಡ್ ಅಷ್ಟನ್ನ ಮೋಲ್ ಮಾಡಿ ಒಟ್ಟು ಒಂದಕ್ಕ ತಾ. ಮ್ಯಾಗ್ನೇಷಿಯಾ, ಮ್ಯಾಂಗನೀಸ್, ಕಬ್ಬಿಣ ಇವೆಲ್ಲಾ ಸುಣ್ಣದ ಗುಂಪಿಗೆ, ಪೊಟ್ಯಾಶಿಯಂ ಸೋಡಾ (ಸೋಡಿಯಂ ಆಕ್ಸೈಡ್) ಗುಂಪಿಗೆ. ಮಂದಿಗೆ ಅನುಕೂಲ ಆಗ್ಲಿ ಅಂತ ಪೂರ್ತಿ ಸಾಲು ಬರೀತೀನಿ, ಎಲ್ಲಾ ಮೋಲ್ ಫ್ರ್ಯಾಕ್ಷನ್, ಲಾಗ್ ಅಂದ್ರ ನ್ಯಾಚುರಲ್ ಲಾಗ್, ಉತ್ತರ ಪಾಸ್ಕಲ್ ಸೆಕೆಂಡ್:

ಲಾಗ್ ಎ = −19.81 + 1.73 × ಸುಣ್ಣದ ಗುಂಪು + 5.82 × ಕ್ಯಾಲ್ಸಿಯಂ ಫ್ಲೋರೈಡ್ + 7.02 × ಸೋಡಾ ಗುಂಪು − 35.76 × ಅಲ್ಯುಮಿನಾ

ಬಿ = 31140 − 23896 × ಸುಣ್ಣದ ಗುಂಪು − 46356 × ಕ್ಯಾಲ್ಸಿಯಂ ಫ್ಲೋರೈಡ್ − 39159 × ಸೋಡಾ ಗುಂಪು + 68833 × ಅಲ್ಯುಮಿನಾ

ಸಿಲಿಕಾ ಎಲ್ಲೆ ಹೋತು ಅಂತ ಕೇಳಬ್ಯಾಡ. ಒಟ್ಟು ಒಂದು ಆಗಬೇಕಲ್ಲ, ಉಳಿದದ್ದೆಲ್ಲಾ ಅದು. 31140 ಅನ್ನೂ ದೊಡ್ಡ ಸಂಖ್ಯೆನ ಸಿಲಿಕಾದ ಜಿಗುಟು ಅಂತ ತಿಳ್ಕೊ: ಒಂದು ಸಿಲಿಕಾನ್ ನಾಕು ಆಕ್ಸಿಜನ್ ಕೈ ಹಿಡಿದು, ಆ ಆಕ್ಸಿಜನ್ ಮತ್ತೊಂದು ಸಿಲಿಕಾನ್ ಹಿಡಿದು, ಜಾತ್ರಿ ಗದ್ದಲದಾಗ ಮಕ್ಕಳು ಸರಪಳಿ ಮಾಡಿ ನಿಂತಂಗ. ಸುಣ್ಣ, ಸೋಡಾ ಬಂದು ಆ ಕೈ ಬಿಡಸ್ತಾವ, ಫ್ಲೋರೈಡೂ ಸ್ಲ್ಯಾಗನ್ನ ಸಡ್ಲ ಮಾಡತೈತಿ. ಅಲ್ಯುಮಿನಾ ಮಾತ್ರ ಎರಡು ದೋಣಿ ಮ್ಯಾಲ ಕಾಲಿಡೂ ಗಿರಾಕಿ. ಪಕ್ಕಕ್ಕ ಸೋಡಿಯಂ, ಕ್ಯಾಲ್ಸಿಯಂ ಆಸರ ಇದ್ರ ಸಿಲಿಕಾದಂಗ ಸರಪಳಿಗೆ ಸೇರತೈತಿ, ಆ ಆಸರಕ್ಕ ಹೋದ ಸೋಡಿಯಂ ಮತ್ತ ಕೈ ಬಿಡಸಾಕ ಸಿಗೂದಿಲ್ಲ. ಅದಕ್ಕ ಮೋಲ್ಡ್ ಸ್ಲ್ಯಾಗಿನ್ಯಾಗ ಅಲ್ಯುಮಿನಾ ಏರಿತು ಅಂದ್ರ ಸ್ಲ್ಯಾಗ್ ಗಟ್ಟಿ.

——

ಗದಗ_ಜಂಕ್ಷನ್:

ಮೇಡಂ, ಕಾಕಾ, ನಿಮ್ಮ ಕಾಲಿಗೆ ನಮಸ್ಕಾರ. ಮೇಡಂ ಹೇಳಿದ್ದು ಅಕ್ಷರಾ ಅಕ್ಷರ ಖರೆ, 7 ಅನ್ನ ಹಂಗ ತುರುಕಿದ್ದೆ. ಕಬ್ಬಿಣ ಬಿಟ್ಟು ಮತ್ತ ಮಾಡಿದೆ: ಸುಣ್ಣದ ಗುಂಪು 0.3325, ಫ್ಲೋರೈಡ್ 0.135, ಸೋಡಾ 0.1064, ಅಲ್ಯುಮಿನಾ 0.0359. ಬಿ 15241 ಬಂತು. ವಿಸ್ಕಾಸಿಟಿ 1300 ಡಿಗ್ರಿಗೆ 0.144, ಅಂದ್ರ 1.44 ಪಾಯ್ಸ್!! ಟಿಸಿ 1.5. ನಾಕು ಪರ್ಸೆಂಟಷ್ಟ ಫರಕು!! ಇದ ಶೀಟಿನ್ಯಾಗ 1400 ಕ್ಕ 0.86 ಪಾಯ್ಸ್, 1200 ಕ್ಕ 2.6 ಪಾಯ್ಸ್ ಬಂತು. ನಾಳೆ ಗೈಡ್‌ಗೆ ತೋರಸ್ತೀನಿ, ಮಾಡೆಲ್ ವ್ಯಾಲಿಡೇಟ್ ಆತು ಅಂತ ಬರದು ಮುಗಿಸ್ಲೇನು? ಶನಿವಾರ ಗದಗಿಗೆ ಹೋಗಿ ಮಿರ್ಚಿ ಬಜಿ ತಿನ್ನೂದಷ್ಟ ಬಾಕಿ.

——

ಬಿ_ಶಿಫ್ಟ್_ಕಾಕಾ:

ಬಜಿ ಆಮ್ಯಾಲ ತಿನ್ನು. ಆ 1.5 ಪಾಯ್ಸ್ ಅಳತಿ ಮಾಡಿದ್ದೋ, ಲೆಕ್ಕ ಹಾಕಿದ್ದೋ, ಅದನ್ನ ಕೇಳಿಯೇನು?

ಪೌಡರ್ ಮಾರಾವ್ರು ಡೇಟಾ ಶೀಟಿನ್ಯಾಗ ಹಾಕೂ ವಿಸ್ಕಾಸಿಟಿ ಭಾಳ ಸಲ ಇಂಥಾ ಫಾರ್ಮುಲಾದಿಂದನ ತಗದಿರ್ತಾರ. ಪ್ರತಿ ಲಾಟ್ ಕರಗಿಸಿ ವಿಸ್ಕೋಮೀಟರ್‌ಗೆ ಯಾರು ಹಾಕ್ತಾರ, ಕೆಮಿಸ್ಟ್ರಿ ಬಂತು, ಫಾರ್ಮುಲಾಕ್ಕ ಹಾಕಿದ್ರು, ಸಂಖ್ಯೆ ಬರದ್ರು. ಅವರೂ ರಿಬೂ, ನೀನೂ ರಿಬೂ, ಎರಡೂ ಕೂಡಿದ್ರ ಅದು ವ್ಯಾಲಿಡೇಷನ್ ಅಲ್ಲ, ಕನ್ನಡಿ ಮುಂದ ನಿಂತು ಕೈ ಕುಲುಕಿದಂಗ.

ಎರಡನೇ ಮಾತು. ನೀ ಲೆಕ್ಕ ಹಾಕಿದ್ದು ಚೀಲದಾಗಿನ ಪೌಡರ್‌ದು. ಮೋಲ್ಡಿನ್ಯಾಗ ಇರೂದು ಆ ಪೌಡರ್ ಅಲ್ಲ. ಅಲ್ಯುಮಿನಿಯಂ ಹಾಕಿ ಕಿಲ್ ಮಾಡಿದ (ಆಕ್ಸಿಜನ್ ತಗದ) ಸ್ಟೀಲ್ ಇದ್ರ ಅದರಾಗಿನ ಅಲ್ಯುಮಿನಾ ಮ್ಯಾಲ ತೇಲಿ ಬಂದು ಸ್ಲ್ಯಾಗಿಗೆ ಸೇರತೈತಿ. ಸೇರಲಿ ಅಂತನ ಸ್ಲ್ಯಾಗ್ ಇರೂದು, ಆದ್ರ ಸೇರಿದಷ್ಟೂ ಗಟ್ಟಿ ಆಗತೈತಿ. ಸ್ಟೀಲಿನ್ಯಾಗ ಅಲ್ಯುಮಿನಿಯಂ ಭಾಳ ಇದ್ರಂತೂ ಅದು ಸ್ಲ್ಯಾಗಿನ ಸಿಲಿಕಾನ ತಿಂದು ಅಲ್ಯುಮಿನಾ ಮಾಡಿ ಸಿಲಿಕಾನ್ ಸ್ಟೀಲಿಗೆ ಬಿಡತೈತಿ, ಆವಾಗ ಕೆಮಿಸ್ಟ್ರಿನ ಬದಲಿ. ನಿನ್ನ ಶೀಟಿನ್ಯಾಗ 100 ಗ್ರಾಮಿಗೆ ಇನ್ನೊಂದು 6 ಗ್ರಾಂ ಅಲ್ಯುಮಿನಾ ಸೇರಿಸಿ ನೋಡು, ಏನು ಬರತೈತಿ ಇಲ್ಲೆ ಹೇಳು. ಸಾದಾ ಗ್ರೇಡಿಗೆ 6 ಜಾಸ್ತಿನ ಆತು, ಇರ್ಲಿ, ದಿಕ್ಕು ತಿಳೀತೈತಿ.

ನಾ ಒಂದು ಸಲ ಅನುಭವಿಸಿದ್ದು ಹೇಳ್ತೀನಿ, ಪ್ಲಾಂಟಿನ ಹೆಸರು ಬ್ಯಾಡ. ರಾತ್ರಿ ಪಾಳಿ, ಉದ್ದ ಸೀಕ್ವೆನ್ಸ್ (ಹೀಟ್ ಅಂದ್ರ ಒಂದು ಲೇಡಲ್ ಸ್ಟೀಲ್, ಅಂಥಾವನ್ನ ನಿಲ್ಲಸದ ಒಂದರ ಹಿಂದ ಒಂದು ಎರಿಯೂದು), ಐದನೇ ಹೀಟೋ ಆರನೇದೋ. ಮೋಲ್ಡಿಗೆ ಸ್ಟೀಲ್ ಬಿಡೂ ತೊಟ್ಟಿ, ಅಂದ್ರ ಟಂಡಿಶ್‌ನ್ಯಾಗ ಸ್ಟೀಲ್ ಅಷ್ಟು ಸ್ವಚ್ಛ ಇರಲಿಲ್ಲ. ಪೌಡರ್ ಹಾಕೂ ಹುಡುಗ ಬಂದು, ಅಣ್ಣಾರ, ಚೀಲ ಖರ್ಚಾಗವಲ್ದು ಅಂದ. ನಾನೂ ಚೊಲೋ ಆತಲ್ಲ, ಉಳಿತಾಯ, ಅಂತ ಚೇಷ್ಟಿ ಮಾಡಿದೆ. ಅದು ಉಳಿತಾಯ ಅಲ್ಲ, ಸ್ಲ್ಯಾಗ್ ಗಟ್ಟಿ ಆಗಿ ಕೆಳಗ ಇಳಿಯೂದು ನಿಂತಿತ್ತು, ಅದಕ್ಕ ಮ್ಯಾಲಿಂದ ಪೌಡರ್ ಕರಗಿ ಹೋಗವಲ್ದಾಗಿತ್ತು. ಅರ್ಧಾ ತಾಸಿನ್ಯಾಗ ಸ್ಟಿಕ್ಕರ್ ಅಲಾರ್ಮ್ (ಸ್ಟೀಲಿನ ತೊಗಲು ಮೋಲ್ಡಿಗೆ ಅಂಟಾಕತ್ತೈತಿ ಅನ್ನೂ ಗಂಟಿ) ಹೊಡಿತು, ಸ್ಪೀಡ್ ಇಳಿಸಿ ಹೆಂಗೋ ಬ್ರೇಕೌಟ್ (ತೊಗಲು ಹರದು ಒಳಗಿನ ಸ್ಟೀಲ್ ಹೊರಗ ಸೋರೂದು) ತಪ್ಪಿತು. ಅವತ್ತಿಂದ ಚೀಲ ಎಣಿಸೂದನ್ನ ನಾ ವಿಸ್ಕೋಮೀಟರ್ ಅಂತನ ತಿಳದೀನಿ. ಟಿಸಿ ಆ ದಿನವೂ ಅದ ಸಂಖ್ಯೆ ಹೇಳ್ತಿತ್ತು.

——

ಹಾವೇರಿ_ಪೈಥಾನ್:

ನಡುವ ಬಾಯಿ ಹಾಕಾಕತ್ತೀನಿ, ಕ್ಷಮಿಸ್ರಿ. ನಾ ಸ್ಟೀಲಿನವ ಅಲ್ಲ, ಡೇಟಾ ಕೆಲಸ, ಹಾವೇರಿ ಮನಿಯಿಂದನ ಮಾಡ್ತೀನಿ. 1981 ರ ಫಾರ್ಮುಲಾ ಹಿಡಕೊಂಡು ಯಾಕ ಒದ್ದಾಡ್ತೀರಿ, ಪೇಪರುಗಳಿಂದ ಅಳತಿ ಮಾಡಿದ ಡೇಟಾ ಕೂಡಿಸಿ ಅದರಿಂದ ತಾನ ಕಲಿಯೂ ಕಂಪ್ಯೂಟರ್ ಮಾಡೆಲ್ಲಿಗೆ, ಅಂದ್ರ ರ‍್ಯಾಂಡಮ್ ಫಾರೆಸ್ಟ್‌ಗೋ ನ್ಯೂರಲ್ ನೆಟ್‌ವರ್ಕ್‌ಗೋ ಹಾಕಿದ್ರ ಮುಗೀತಲ್ಲ ಅಂತ ಬರಿಯಾಕ ಬಂದಿದ್ದೆ, ಆದ್ರ ಖರೆ ಹೇಳಬೇಕಂದ್ರ ಹೋದ ವರ್ಷ ಗೆಳೆಯನ ಸಲುವಾಗಿ ನಾ ಅದನ್ನ ಮಾಡಿ ಮುಖ ಕೆಡಿಸಿಕೊಂಡೀನಿ, ಅದನ್ನ ಹೇಳಿಬಿಡ್ತೀನಿ.

ಮೊದಲ ಸಲ ಆರ್ ಸ್ಕ್ವೇರ್ (ಮಾಡೆಲ್ ಅಳತಿಗೆ ಎಷ್ಟು ಕೂಡತೈತಿ ಅನ್ನೂ ಅಂಕಿ, ಒಂದು ಅಂದ್ರ ಪೂರ್ತಿ) ಒಂದರ ಹಂತೇಕ ಬಂತು, ಕುಣದಾಡಿದ್ವಿ. ಆಮ್ಯಾಲ ನೋಡಿದ್ರ ಒಂದ ಸ್ಲ್ಯಾಗನ್ನ ಒಬ್ಬ ಸಂಶೋಧಕ ಎಂಟು ಹತ್ತು ಟೆಂಪರೇಚರ್‌ನ್ಯಾಗ ಅಳತಿ ಮಾಡಿರ್ತಾನ, ಆ ಸಾಲುಗಳು ಅರ್ಧ ಟ್ರೇನಿಂಗಿಗೂ ಅರ್ಧ ಟೆಸ್ಟಿಗೂ ಹೋಗಿದ್ವು. 1300 ಮತ್ತ 1400 ರ ಉತ್ತರ ಕಂಡ ಮಾಡೆಲ್ 1350 ಕ್ಕ ಹೇಳಿದ್ರ ಏನು ದೊಡ್ಡಿಸ್ತನ? ಒಂದು ಪೇಪರಿನ ಎಲ್ಲಾ ಸಾಲು ಒಂದ ಕಡೆ ಇರೂಹಂಗ ಹಂಚಿದ ಕೂಡ್ಲೆ ಗುಳ್ಳಿ ಒಡದತು, ರಿಬೂಗಿಂತ ಸ್ವಲ್ಪ ಚೊಲೋ ಅಷ್ಟ. ಬೋರಾನ್ ಇರೂ ಫ್ಲೋರಿನ್ ಇಲ್ಲದ ಪೌಡರಿಗಂತೂ ಬಾಯಿಗೆ ಬಂದದ್ದು ಹೇಳ್ತಿತ್ತು, ಅಂಥ ಡೇಟಾ ಇದ್ದದ್ದ ಬೆರಳೆಣಿಕಿ. ಇನ್ನೊಂದು, ವಿಸ್ಕಾಸಿಟಿನ ನೇರ ಕಲಿಸಬ್ಯಾಡ್ರಿ, ಅದರ ಲಾಗ್ ಕಲಿಸ್ರಿ, ಇಲ್ಲಾಂದ್ರ ಗಟ್ಟಿ ಸ್ಲ್ಯಾಗಿನ ನಾಕು ಸಾಲು ಇಡೀ ಮಾಡೆಲ್ ಎಳಕೊಂಡು ಹೋಗ್ತಾವ.

ನನಗ ಕೊನಿಗೆ ಕೆಲಸಾ ಕೊಟ್ಟ ದಾರಿ ಏನಂದ್ರ, ರಿಬೂ ಹೇಳಿದ್ದಕ್ಕೂ ಅಳತಿಗೂ ಇರೂ ಫರಕನ್ನಷ್ಟ ಮಷೀನ್‌ಗೆ ಕಲಿಸೂದು. ಟೆಂಪರೇಚರ್ ಏರಿದ್ರ ತಿಳಿ ಆಗತೈತಿ ಅನ್ನೂ ಬುದ್ಧಿ ಫಾರ್ಮುಲಾದಾಗ ಮೊದಲ ಐತಿ, ಅದನ್ನ ಮತ್ತ ಯಾಕ ಕಲಿಸೂದು.

——

ಸಾಧನಕೇರಿ_ಕೆಮಿಸ್ಟ್:

ಹಾವೇರಿ ತಮ್ಮಾ, ನಿನ್ನ ಪ್ರಾಮಾಣಿಕತನಕ್ಕ ಒಂದು ಪೇಡೆ. ಇದಕ್ಕ ಒಂದು ಸೇರಸ್ತೀನಿ: ಆ ಅಳತಿ ಡೇಟಾನೂ ದೇವರ ವಾಕ್ಯ ಅಲ್ಲ. ಕರಗಿದ ಸ್ಲ್ಯಾಗಿನ್ಯಾಗ ಸ್ಪಿಂಡಲ್ ತಿರುಗಿಸಿ ಎಷ್ಟು ತಡಿತೈತಿ ಅಂತ ಅಳಿಯೂದು ಪದ್ಧತಿ. ಸ್ಪಿಂಡಲ್ ನಡು ತಪ್ಪಿದ್ರ, ಒಲಿ ಒಳಗ ಟೆಂಪರೇಚರ್ ಸಮ ಇಲ್ಲಾಂದ್ರ, ಫರಕು ಬರತೈತಿ. ಬ್ಯಾರೆ ಬ್ಯಾರೆ ಲ್ಯಾಬ್ ಒಂದ ಸ್ಲ್ಯಾಗಿಗೆ ಕಾಲುಭಾಗದಷ್ಟು ಫರಕು ಕೊಟ್ರೂ ಆಶ್ಚರ್ಯ ಪಡೂ ಹಂಗಿಲ್ಲ. ಫ್ಲೋರಿನ್ ಇರೂ ಸ್ಲ್ಯಾಗಂತೂ ಅಳಿಯೂ ಹೊತ್ತಿನ್ಯಾಗ ಸಿಲಿಕಾನ್ ಫ್ಲೋರೈಡ್, ಸೋಡಿಯಂ ಫ್ಲೋರೈಡ್ ಆಗಿ ಹಾರತಿರತೈತಿ, ಮುಂಜಾನಿ ಇಟ್ಟ ಸ್ಲ್ಯಾಗ್ ಸಂಜಿಮುಂದ ಅದ ಅಲ್ಲ. ಅದಕ್ಕ ಅಳತಿ ಮುಗಿದಮ್ಯಾಲ ಇನ್ನೊಂದು ಸಲ ಕೆಮಿಸ್ಟ್ರಿ ಮಾಡಬೇಕು, ಮಾಡಾವ್ರು ಕಡಿಮಿ.

ಗದಗ ತಮ್ಮನಿಗೆ: ನಿನ್ನ 1200 ರ 2.6 ಪಾಯ್ಸ್ ಅಷ್ಟು ಸಲೀಸಾಗಿ ನಂಬಬ್ಯಾಡ. ಫಾರ್ಮುಲಾಕ್ಕ ಸ್ಲ್ಯಾಗ್ ಪೂರ್ತಿ ನೀರಾಗಿರತೈತಿ ಅನ್ನೂದಷ್ಟ ಗೊತ್ತು. ಗೆರಿ ಸಣ್ಣಗ ಏರಕೊಂತ ಹೋಗತೈತಿ, ಆದ್ರ ಖರೆ ಸ್ಲ್ಯಾಗ್ ತಣ್ಣಗಾಕ್ಕೊಂತ ಬಂದು ಒಂದು ಟೆಂಪರೇಚರ್‌ಗೆ ಥಟ್ಟನ ಗಟ್ಟಿ ಆಗತೈತಿ, ಅದಕ್ಕ ಬ್ರೇಕ್ ಟೆಂಪರೇಚರ್ ಅಂತಾರ. ಒಳಗ ಹರಳು ಹುಟ್ಟಾಕತ್ತಿರ್ತಾವ, ಈ ಥರದ ಪೌಡರಿನ್ಯಾಗ ಬಹುಶಃ ಕಸ್ಪಿಡಿನ್, ಅಂದ್ರ ಸುಣ್ಣ, ಸಿಲಿಕಾ, ಕ್ಯಾಲ್ಸಿಯಂ ಫ್ಲೋರೈಡ್ ಕೂಡಿದ ಹರಳು. ಗಂಜಿ ತಿಳಿ ಇದ್ರ ಸೌಟು ಸರಳ ತಿರಗತೈತಿ, ಜೋಳದ ನುಚ್ಚಿನ್ಯಾಗ ಕಾಳು ಜಾಸ್ತಿ ಆದ್ರ ರಟ್ಟಿ ನೋಯತೈತಿ, ನೀರು ಅದ ಆದ್ರೂ. ಇದಕ್ಕ ಐನ್‌ಸ್ಟೈನ್-ರೋಸ್ಕೋ ಅಂತ ಲೆಕ್ಕ ಐತಿ: ತಿಳಿ ಸ್ಲ್ಯಾಗಿನ ವಿಸ್ಕಾಸಿಟಿನ (1 − 1.35 × ಹರಳಿನ ಪಾಲು) ಅನ್ನೂದರ −2.5 ಘಾತದಿಂದ ಗುಣಿಸು. ಹರಳು ಗಾತ್ರದಾಗ ಹತ್ತು ಪರ್ಸೆಂಟ್ ಇದ್ರ 1.4 ಪಟ್ಟು, ಇಪ್ಪತ್ತಕ್ಕ 2.2 ಪಟ್ಟು, ಮೂವತ್ತಕ್ಕ 3.7 ಪಟ್ಟು. ಆಮ್ಯಾಲ ಲೆಕ್ಕಾನೂ ಕೈ ಬಿಡತೈತಿ.

ಮಾಡೆಲ್ ಯಾವುದು ಅಂತ ಕೇಳಿದ್ದಿ. ಮೋಲ್ಡ್ ಪೌಡರಿಗೆ ಅಂತನ ಹುಟ್ಟಿದ್ದು ರಿಬೂ, ಹಂಗಾಗಿ ಶುರುವಾತಿಗೆ ಅದ ಸಾಕು. ಅರ್ಬೇನ್ ಸಿಲಿಕೇಟು, ಅಲ್ಯುಮಿನೋಸಿಲಿಕೇಟಿಗೆ ಚೊಲೋ. ಮಿಲ್ಸ್ ಅವರದು ಆಪ್ಟಿಕಲ್ ಬೇಸಿಸಿಟಿ (ಸ್ಲ್ಯಾಗ್ ಎಷ್ಟು ಕ್ಷಾರ ಅನ್ನೂದರ ಅಳತಿ) ಅನ್ನೂ ಒಂದ ಸಂಖ್ಯೆ ಮ್ಯಾಲ ನಿಂತೈತಿ. ಮೂರರಲ್ಲೂ ಹಾಕಿ ನೋಡು, ಉತ್ತರ ದೂರ ದೂರ ಬಿದ್ರ ನಿನ್ನ ಸ್ಲ್ಯಾಗ್ ಯಾವುದೋ ಮಾಡೆಲ್ಲಿನ ಬೇಲಿ ಆಚೆ ಐತಿ ಅಂತ ತಿಳೀತೈತಿ. ಅಲ್ಯುಮಿನಿಯಂ ಜಾಸ್ತಿ ಇರೂ ಸ್ಟೀಲಿಗೆ ಮಾಡಿದ, ಸಿಲಿಕಾ ಬಾಳ ಕಡಿಮಿ ಇರೂ ಪೌಡರಿಗೆ ಮಾತ್ರ ರಿಬೂ ಮುಟ್ಟಬ್ಯಾಡ.

——

ಗದಗ_ಜಂಕ್ಷನ್:

ಕಾಕಾ ಹೇಳಿದ ಲೆಕ್ಕ ಮಾಡಿದೆ. 6 ಗ್ರಾಂ ಸೇರಿಸಿದ ಕೂಡ್ಲೆ 1300 ಡಿಗ್ರಿಗೆ 1.44 ಇದ್ದದ್ದು 2.95 ಪಾಯ್ಸ್ ಆತು!! ಎರಡು ಪಟ್ಟು. ಬಿ 15241 ಇಂದ 18749 ಕ್ಕ ಜಿಗಿತು. ಕ್ಯಾಸ್ಟಿಂಗ್ ಸ್ಪೀಡ್ ಮಿನಿಟಿಗೆ 1.2 ಮೀಟರ್ ಇತ್ರಿ. ಜಪಾನಿನ ಒಗಿಬಯಾಶಿ ಅವರದು ಒಂದು ನಿಯಮ ಓದಿದ್ದೆ, ಪಾಯ್ಸ್ ಅನ್ನ ಸ್ಪೀಡಿನಿಂದ ಗುಣಿಸಿದ್ರ 1 ರಿಂದ 3.5 ರ ನಡುವ ಇರಬೇಕು ಅಂತ. ಚೀಲದ ಪೌಡರಿಗೆ 1.7 ಬರತೈತಿ, ಆರಾಮ. ಅಲ್ಯುಮಿನಾ ತಿಂದ ಸ್ಲ್ಯಾಗಿಗೆ 3.5, ಬರೋಬ್ಬರಿ ಅಂಚಿಗೆ ನಿಂತಂಗಾತು.

ಮತ್ತ ಇವತ್ತು ಮುಂಜಾನಿ ಪೌಡರ್ ಸಪ್ಲೈಯರ್‌ಗೆ ಫೋನ್ ಹಚ್ಚಿದ್ದೆ. 1.5 ಅಳತಿ ಮಾಡಿದ್ದೇನ್ರಿ ಅಂದ್ರ ಆ ಕಡೆಯಿಂದ ಸ್ವಲ್ಪ ಹೊತ್ತು ಸುಮ್ನಿದ್ದು, "ಕ್ಯಾಲ್ಕ್ಯುಲೇಟೆಡ್ ಸರ್" ಅಂದ್ರು. ಕಾಕಾ, ನಿಮ್ಮ ಬಾಯಿಗೆ ಸಕ್ಕರಿ ಹಾಕಬೇಕು. ಈಗ ಅಳತಿ ಎಲ್ಲಿಂದ ತರೂದು? ನಮ್ಮ ಕಾಲೇಜಿನ್ಯಾಗ ಅಷ್ಟು ಟೆಂಪರೇಚರಿನ ವಿಸ್ಕೋಮೀಟರ್ ಇಲ್ಲ.

——

ತಾರಿಹಾಳ_ಫೌಂಡ್ರಿ:

ಇದನ್ನೆಲ್ಲಾ ಓದಿ ನಗು ಬಂತ್ರಿ, ಯಾಕಂದ್ರ ನಮ್ಮದು ಉಲ್ಟಾ ಕತಿ. ನಾವು ಬೀಡು ಕಬ್ಬಿಣ ಕರಗಸಾವ್ರು, ಲೇಡಲ್ ಮ್ಯಾಲಿನ ಸ್ಲ್ಯಾಗ್ ತಿಳಿ ಇದ್ರ ತಗಿಯಾಕ ಬರೂದಿಲ್ಲ ಅಂತ ಕೋಯಾಗುಲೆಂಟ್ ಉಗ್ಗಿ ಬೇಕಂತನ ಗಟ್ಟಿ ಮಾಡ್ತೀವಿ, ರೊಟ್ಟಿಗತೆ ಎತ್ತಿ ಒಗದ್ರ ಮುಗೀತು. ನೀವು ತಿಳಿ ಮಾಡಾಕ ಇಷ್ಟು ಬಡದಾಡಾಕತ್ತೀರಿ.

ವಿಸ್ಕೋಮೀಟರ್ ನಮ್ಮಲ್ಲೂ ಇಲ್ಲ, ಆದ್ರ ಸಣ್ಣ ಇಂಡಕ್ಷನ್ ಫರ್ನೇಸ್ ಐತಿ, ಗ್ರಾಫೈಟ್ ಕ್ರೂಸಿಬಲ್ ಐತಿ. ಇಳಿಜಾರು ಹಲಗಿ ಟೆಸ್ಟ್ ಅಂತಾರಲ್ಲ, ಕರಗಿದ ಸ್ಲ್ಯಾಗನ್ನ ಓರಿ ಇಟ್ಟ ಉಕ್ಕಿನ ಹಲಗಿ ಮ್ಯಾಲ ಒಂದ ಸಲಕ್ಕ ಹುಯ್ಯೂದು, ಹರದು ಹೆಪ್ಪಾದ ಪಟ್ಟಿ ಎಷ್ಟು ಉದ್ದ ಐತಿ ಅಳಿಯೂದು. ಉದ್ದ ಇದ್ದಷ್ಟು ತಿಳಿ. ಪಾಯ್ಸ್ ಎಷ್ಟು ಅಂತ ಅದು ತಾನಾಗಿ ಹೇಳೂದಿಲ್ಲ, ಖರೇನ ಅಳತಿ ಮಾಡಿದ ಎರಡು ಪೌಡರ್ ಯಾರ ಕಡೆಯಿಂದರ ಇಸಗೊಂಡು ಮೊದಲ ಅವನ್ನ ಹುಯ್ದು ಸ್ಕೇಲ್ ಮಾಡಕೋಬೇಕು. ಅದ ತೂಕ, ಅದ ಟೆಂಪರೇಚರ್, ಅದ ಓರಿ. ಕೈ ನಡುಗಿದ್ರ ಟೆಸ್ಟ್ ಹೋತು. ಪೌಡರಿನ್ಯಾಗಿನ ಕಾರ್ಬನ್ ಮೊದಲ ಸುಟ್ಟು ತಗದು ತರ್ರಿ, ಇಲ್ಲಾಂದ್ರ ನೊರಿ ಏಳತೈತಿ. ಫ್ಲೋರೈಡ್ ಹೊಗಿ ಐತಿ ಅಂತ ಮೇಡಂ ಹೇಳ್ಯಾರ, ಹಂಗಾಗಿ ಎಕ್ಸಾಸ್ಟ್ ಕೆಳಗ ಮಾಡೂದು, ಸುಮ್ನ ಬಗ್ಗಿ ನೋಡೂ ಹಂಗಿಲ್ಲ. ರವಿವಾರ ಫರ್ನೇಸ್ ಖಾಲಿ ಇರತೈತಿ, ಬರ್ರಿ. ಚಹಾ, ಗಿರಮಿಟ್ಟು ನಮ್ಮ ಕಡೆ.

——

ಬಿ_ಶಿಫ್ಟ್_ಕಾಕಾ:

ಫೌಂಡ್ರಿ ಅಣ್ಣಾರು ದೊಡ್ಡ ಮನಸಿನವ್ರು, ಹೋಗು. ಆದ್ರ ಬರೇ ಚೀಲದ ಪೌಡರ್ ತಗೊಂಡು ಹೋಗಬ್ಯಾಡ. ಪ್ಲಾಂಟಿಗೆ ಇನ್ನೊಂದು ದಿನ ಹೋಗಿ ಮೋಲ್ಡಿನ್ಯಾಗಿನ ಸ್ಲ್ಯಾಗ್ ಸ್ಯಾಂಪಲ್ ತಗೊಂಡು ಬಾ. ಸೀಕ್ವೆನ್ಸಿನ ಮೊದಲನೇ ಹೀಟಿನ್ಯಾಗ ಒಂದು, ನಡುವ ಒಂದು, ಕೊನಿಗೆ ಒಂದು. ಪ್ರತಿಸಲ ಆ ಹೊತ್ತಿಗೆ ಎಷ್ಟು ಚೀಲ ಖಾಲಿ ಆದ್ವು, ಸ್ಪೀಡ್ ಎಷ್ಟಿತ್ತು ಅನ್ನೂದನ್ನ ಬರಕೊ. ಮೂರೂ ಸ್ಯಾಂಪಲಿನ ಕೆಮಿಸ್ಟ್ರಿ ರಿಬೂಗೆ ಹಾಕು. ಉತ್ತರ ಮೂರು ಪಾಯ್ಸೋ ಮೂರೂವರಿಯೋ ಅನ್ನೂದು ಬಿಡು, ಮೊದಲನೇದರಿಂದ ಮೂರನೇದಕ್ಕ ಎಷ್ಟು ಏರಿತು, ಅದರ ಕೂಡ ಚೀಲ ಇಳದ್ವೋ ಇಲ್ಲೋ, ಅದನ್ನ ನೋಡು. ನಿನ್ನ ಗೈಡ್‌ಗೆ ಅದನ್ನ ತೋರಸು.

ಸ್ಲ್ಯಾಗ್ ಎಷ್ಟು ಆಳ ಐತಿ ಅನ್ನೂದೂ ಅಳಿ, ಉಕ್ಕು, ತಾಮ್ರ, ಅಲ್ಯುಮಿನಿಯಂ ಮೂರು ತಂತಿ ಒಟ್ಟಿಗೆ ಅದ್ದಿ ತಗದ್ರ ಎಲ್ಲೆಲ್ಲಿ ಕರಗ್ಯಾವ ನೋಡಿ ತಿಳೀತೈತಿ. ಕ್ಯಾಸ್ಟರ್ ಮ್ಯಾಲಿನ ಹುಡುಗ್ರಿಗೆ ಗೊತ್ತಿರತೈತಿ.

——

ಗದಗ_ಜಂಕ್ಷನ್:

ಗುರುವಾರ ಪರ್ಮಿಷನ್ ಸಿಕ್ಕೈತ್ರಿ ಕಾಕಾ, ಬೆಳಗಿನ ಗಾಡಿಗೆ ಹೊಂಟೀನಿ. ಫೌಂಡ್ರಿ ಅಣ್ಣಾರ, ರವಿವಾರ ಹತ್ತಕ್ಕ ಬರ್ತೀನಿ, ನಮ್ಮ ಕಡೆಯಿಂದ ಬಜಿ ತರ್ತೀನಿ. ಮೇಡಂ, ಸ್ಯಾಂಪಲಿನ್ಯಾಗ ಸ್ಟೀಲಿನ ಸಣ್ಣ ಹುಂಡಿ ಸಿಕ್ಕೊಂಡು ಬಂದ್ರ ಕೆಮಿಸ್ಟ್ರಿ ಕೆಡತೈತಿ ಅಲ್ರಿ?

——

ಸಾಧನಕೇರಿ_ಕೆಮಿಸ್ಟ್:

ಕೆಡತೈತಿ. ಒರಟಾಗಿ ಕುಟ್ಟಿ ಆಯಸ್ಕಾಂತ ಹಚ್ಚಿ ಹುಂಡಿ ತಗದುಬಿಡು, ಆಮ್ಯಾಲ ಸಣ್ಣಗ ಅರಿ. ಫ್ಲೋರಿನ್ ಬ್ಯಾರೆ ಮಾಡಿಸು, ಟಿಸಿಯ 7 ಅನ್ನ ಅಲ್ಲೂ ಹಾಕಿಬಿಡಬ್ಯಾಡ, ಹಾರಿ ಕಡಿಮಿ ಆಗಿರತೈತಿ.

——

ಬಿ_ಶಿಫ್ಟ್_ಕಾಕಾ:

ಸ್ಯಾಂಪಲ್ ಸೌಟು ಹಸಿ ಇರಬಾರದು ನೋಡು. ಮೊದಲ ಬಿಸಿಗೆ ಹಿಡಿದು ಚೊಲೋತ್ನಾಗ ಒಣಗಿಸಿ ಆಮ್ಯಾಲ ಅದ್ದು, ನೀರಿನ ಹನಿ ಇದ್ರ ಸಿಡಿತೈತಿ. ಮತ್ತ ನೀ ಅದ್ದಬ್ಯಾಡ, ಅಲ್ಲಿನ ಹುಡುಗ್ರ ಕೈಲೆ ಅದ್ದಿಸು.